ರೇಸಿಂಗ್ ಗೇಮ್ ಮತ್ತೆ ಮುಂದಕ್ಕೆ ಹೋಯಿತು: ಕಾಯುವುದೋ, ದುಡ್ಡು ವಾಪಸ್ ಕೇಳುವುದೋ?

ಪ್ರಶ್ನೆ: ನಾನು ನಾಪೋಕ್ಲು ಕಡೆಯವನು. ಡಿಗ್ರಿ ಮುಗಿಸಿ ಅಪ್ಪನ ಜೊತೆ ತೋಟ ನೋಡಿಕೊಳ್ಳುತ್ತಿದ್ದೇನೆ. ಕಾಫಿ ಕೊಯ್ಲು ಮುಗಿದ ಮೇಲೆ ಕೈಗೆ ಬಂದ ದುಡ್ಡಲ್ಲಿ ಒಂದು ರೇಸಿಂಗ್ ಗೇಮಿನ ಡೀಲಕ್ಸ್ ಎಡಿಷನ್ ಅನ್ನು ಆನ್‌ಲೈನ್ ಗೇಮ್ ಅಂಗಡಿಯಾದ ಸ್ಟೀಮ್‌ನಲ್ಲಿ ಪ್ರೀ-ಆರ್ಡರ್ ಮಾಡಿದೆ. ಅದಕ್ಕೆಂದೇ ಕಂಪ್ಯೂಟರಿಗೆ ಜೋಡಿಸಿ ಆಡುವ ಲಾಜಿಟೆಕ್ ಜಿ29 ಸ್ಟೀರಿಂಗ್ ಕೂಡ ತಗೊಂಡೆ. ಮಳೆಗಾಲದಲ್ಲಿ ಹೇಗೂ ಮನೆಯಲ್ಲೇ ಇರುತ್ತೇವೆ, ಆಗ ಆಡೋಣ ಅಂತ ನಾಲ್ಕು ಜನ ಫ್ರೆಂಡ್ಸ್ ಲೆಕ್ಕ ಹಾಕಿದ್ದೆವು. ಮೊದಲು ಜೂನ್ ಅಂದರು, ಆಮೇಲೆ ಅಕ್ಟೋಬರ್, ಈಗ ‘ಮುಂದಿನ ವರ್ಷ’ ಅಂತ ಅಷ್ಟೇ. ಸ್ಟೀರಿಂಗ್ ಇನ್ನೂ ಡಬ್ಬದಿಂದ ಹೊರಗೆ ಬಂದಿಲ್ಲ, ಅಪ್ಪ ದಿನಾ ಅದನ್ನೇ ನೋಡಿ ನಗುತ್ತಾರೆ. ಗೇಮ್ ರೆಡಿ ಇದ್ದೂ ಬೇಕಂತಲೇ ತಡೆದಿದ್ದಾರೆ ಅಂತ ನಮ್ಮ ಗ್ರೂಪಿನಲ್ಲಿ ಒಬ್ಬ, ತಡವಾದಷ್ಟೂ ಚೆನ್ನಾಗಿ ಬರುತ್ತದೆ ಅಂತ ಇನ್ನೊಬ್ಬ, ಇದು ಇನ್ನು ಬರುವುದೇ ಇಲ್ಲ ಅಂತ ಮತ್ತೊಬ್ಬ. ಯಾವುದು ನಿಜ? ರೀಫಂಡ್ ತಗೊಳ್ಳಲಾ, ಕಾಯಲಾ? ಟೆಲಿಗ್ರಾಂನಲ್ಲಿ ಒಬ್ಬ ಲೀಕ್ ಆದ ಬಿಲ್ಡ್ (ಬಿಡುಗಡೆಗೆ ಮುಂಚಿನ ಆಟದ ಪ್ರತಿ) ಕೊಡುತ್ತೇನೆ ಅನ್ನುತ್ತಿದ್ದಾನೆ, ನಂಬಬಹುದಾ? ಕುಶಾಲನಗರದ ನನ್ನ ಫ್ರೆಂಡ್ ಇದೇ ಗೇಮಿನ ಪ್ಲೇಸ್ಟೇಷನ್ ಡಿಸ್ಕಿಗೆ ಅಂಗಡಿಯಲ್ಲಿ ಅಡ್ವಾನ್ಸ್ ಕೊಟ್ಟಿದ್ದಾನೆ. ‘ಅಡ್ವಾನ್ಸ್ ವಾಪಸ್ ಇಲ್ಲ’ ಅನ್ನುತ್ತಿದ್ದಾರಂತೆ. ಅವನು ಏನು ಮಾಡಬೇಕು?

ಉತ್ತರ: ಆಟದ ಹೆಸರನ್ನು ನಿಮ್ಮ ಪತ್ರದಿಂದ ನಾನೇ ತೆಗೆದಿದ್ದೇನೆ. ಇದೇ ದೂರು ಬೇರೆ ಬೇರೆ ಆಟಗಳ ಹೆಸರಿನಲ್ಲಿ ನನಗೆ ಬರುತ್ತಲೇ ಇರುತ್ತದೆ, ಉತ್ತರ ಹೆಚ್ಚುಕಮ್ಮಿ ಒಂದೇ.

ನಿಮ್ಮ ಸಿಟ್ಟಿನಲ್ಲಿ ಎರಡು ಬೇರೆ ಬೇರೆ ವಿಷಯ ಸೇರಿಕೊಂಡಿವೆ. ಒಂದು, ಆಟ ಬರಲಿಲ್ಲ ಅನ್ನುವ ನಿರಾಸೆ. ಇನ್ನೊಂದು, ಬಾರದ ಆಟಕ್ಕೆ ನಿಮ್ಮ ದುಡ್ಡು ಸಿಕ್ಕಿಹಾಕಿಕೊಂಡಿದೆ ಅನ್ನುವುದು. ಮೊದಲನೆಯದಕ್ಕೆ ನೀವಾಗಲಿ ನಾನಾಗಲಿ ಮಾಡುವಂಥದ್ದು ಏನೂ ಇಲ್ಲ. ಎರಡನೆಯದನ್ನು ಇವತ್ತು ಸಂಜೆಯೊಳಗೆ ಸರಿಮಾಡಬಹುದು. ಗ್ರೂಪಿನಲ್ಲಿ ನಡೆಯುವ ಜಗಳ ಪೂರ್ತಿ ಮೊದಲನೆಯದರ ಬಗ್ಗೆ, ಕೈಯಲ್ಲಿರುವ ಪರಿಹಾರ ಎರಡನೆಯದಕ್ಕೆ. ಹಾಗಾಗಿ ಇವೆರಡನ್ನೂ ಬೇರ್ಪಡಿಸಿಯೇ ಮಾತಾಡುತ್ತೇನೆ.

‘ಗೇಮ್ ರೆಡಿ ಇದೆ, ಬೇಕಂತ ತಡೆದಿದ್ದಾರೆ’ ಅನ್ನುವುದು ಬಹುತೇಕ ಸುಳ್ಳು. ನಾನು ಬೆಂಗಳೂರಿನಲ್ಲಿ ಕೂತು ಹೊರದೇಶದ ರೇಸಿಂಗ್ ಆಟಗಳ ಟೆಸ್ಟಿಂಗ್ ಮಾಡಿದವನು, ಆಮೇಲೆ ಟೆಸ್ಟಿಂಗ್ ತಂಡ ನೋಡಿಕೊಂಡವನು. ಟ್ರೈಲರಿನಲ್ಲಿ ನೀವು ನೋಡುವ ಎರಡು ನಿಮಿಷ ನಿಜವಾಗಿಯೂ ರೆಡಿ ಇರುತ್ತದೆ. ಆ ಎರಡು ನಿಮಿಷದ ಆಚೆಗೆ ಕಾರು ತಿರುಗಿಸಿದರೆ ಏನಾಗುತ್ತದೆ ಅನ್ನುವುದೇ ನಮ್ಮ ಕೆಲಸ. ಒಂದು ಉದಾಹರಣೆ ಹೇಳುತ್ತೇನೆ. ಒಂದು ನಿರ್ದಿಷ್ಟ ಕಾರು, ಒದ್ದೆ ಟ್ರ್ಯಾಕು, ಟೈರು ಬದಲಿಸಲು ಕಾರು ನಿಲ್ಲಿಸುವ ಪಿಟ್‌ನಿಂದ ಹೊರಬರುವ ದಾರಿ. ಬಲಗಡೆಯ ಕರ್ಬ್, ಅಂದರೆ ಟ್ರ್ಯಾಕಿನ ಉಬ್ಬಿದ ಅಂಚಿನ ಮೇಲೆ ಹಿಂದಿನ ಚಕ್ರ ಹತ್ತಿದರೆ ಸಾಕು, ಕಾರು ಮರದೆತ್ತರಕ್ಕೆ ಎಗರಿ ಮಗುಚಿ ಬೀಳುತ್ತಿತ್ತು. ಬೇರೆ ಕಾರಿನಲ್ಲಿ ಆಗುತ್ತಿರಲಿಲ್ಲ, ಒಣ ಟ್ರ್ಯಾಕಿನಲ್ಲೂ ಇಲ್ಲ. ಹುಡುಕಿದಾಗ ಗೊತ್ತಾಗಿದ್ದು, ಹಿಂದಿನ ವಾರ ಇನ್ಯಾವುದೋ ಕಾರು ತಿರುವಿನಲ್ಲಿ ತೇಲಾಡುತ್ತದೆ ಅಂತ ಸಸ್ಪೆನ್ಷನ್‌ನ ಒಂದು ಅಂಕಿ ಬದಲಿಸಿದ್ದರು. ಅಲ್ಲಿ ಒಂದು ರಿಪೇರಿ, ಇಲ್ಲಿ ಒಂದು ಹೊಸ ಬಗ್, ಅಂದರೆ ದೋಷ. ಅದನ್ನು ಸರಿಮಾಡಿದ ಮೇಲೆ ಆ ಸಸ್ಪೆನ್ಷನ್ ಹಂಚಿಕೊಂಡಿರುವ ಅಷ್ಟೂ ಕಾರುಗಳನ್ನು ಅಷ್ಟೂ ಟ್ರ್ಯಾಕುಗಳಲ್ಲಿ ಮತ್ತೆ ಓಡಿಸಬೇಕು. ರಿಲೀಸ್ ದಿನ ಹತ್ತಿರ ಬಂದಾಗ ಇಂಥವು ಒಂದಲ್ಲ, ಪಟ್ಟಿಯೇ ಇರುತ್ತದೆ.

ಹಾಗಂತ ನಿಮ್ಮ ಗೆಳೆಯನ ಅನುಮಾನ ಪೂರ್ತಿ ಗಾಳಿಮಾತೂ ಅಲ್ಲ. ರಿಲೀಸ್ ದಿನಾಂಕ ಇಡುವವರು ಆಟ ಮಾಡುವವರಲ್ಲ, ಅದನ್ನು ಮಾರುವ ಪಬ್ಲಿಷರ್. ಮೂರು ತಿಂಗಳಿಗೊಮ್ಮೆ ಷೇರುದಾರರಿಗೆ ಲೆಕ್ಕ ತೋರಿಸಬೇಕು, ಹಬ್ಬದ ಸೀಸನ್ ಹಿಡಿಯಬೇಕು, ಅದೇ ವಾರ ದೊಡ್ಡ ಆಟ ಇನ್ನೊಂದು ಬಂದರೆ ದಾರಿ ಬಿಡಬೇಕು. ಈ ಲೆಕ್ಕಾಚಾರದಲ್ಲಿ ಆಟದ ಸ್ಥಿತಿ ಒಂದು ಅಂಶ ಮಾತ್ರ. ಕೆಲವೊಮ್ಮೆ ಆಟಕ್ಕೆ ಸಂಬಂಧವೇ ಇಲ್ಲದ ಕಾರಣವೂ ಇರುತ್ತದೆ. 2021ರಲ್ಲಿ ಇಎ ಕಂಪನಿ ನೀಡ್ ಫಾರ್ ಸ್ಪೀಡ್ ಆಟವನ್ನು ಒಂದು ವರ್ಷ ಮುಂದಕ್ಕೆ ಹಾಕಿತು. ಅದನ್ನು ಮಾಡುತ್ತಿದ್ದ ಕ್ರೈಟೀರಿಯನ್ ಸ್ಟುಡಿಯೋದವರನ್ನು ಬ್ಯಾಟಲ್‌ಫೀಲ್ಡ್ ಅನ್ನುವ ಯುದ್ಧದ ಆಟದ ಕೆಲಸಕ್ಕೆ ಎಳೆದುಕೊಂಡಿದ್ದರು. ಕೊನೆಗೆ ನೀಡ್ ಫಾರ್ ಸ್ಪೀಡ್ ಅನ್‌ಬೌಂಡ್ ಬಂದಿದ್ದು 2022ರ ಡಿಸೆಂಬರಿನಲ್ಲಿ. ಅಂದರೆ ತಡೆದರು ಅನ್ನಬಹುದು, ರೆಡಿ ಇಟ್ಟುಕೊಂಡು ತಡೆದರು ಅನ್ನಲಾಗದು.

ಬೇರೆ ಆಟಗಳಿಗಿಂತ ರೇಸಿಂಗ್ ಆಟ ಯಾಕೆ ಹೆಚ್ಚು ತಡವಾಗುತ್ತದೆ? ಮೊದಲನೆಯದಾಗಿ ಕಾರುಗಳು. ಬಂದೂಕಿನ ಆಟದಲ್ಲಿ ಬಂದೂಕು ಸುಮಾರಾಗಿದ್ದರೂ ನಡೆಯುತ್ತದೆ. ಕಾರಿನ ಹೆಡ್‌ಲೈಟಿನ ಗಾಜು ಒಂದು ಚೂರು ತಪ್ಪಿದರೂ ಆ ಕಾರನ್ನು ಪ್ರೀತಿಸುವವನಿಗೆ ಕಣ್ಣಿಗೆ ಕುಕ್ಕುತ್ತದೆ. ಗ್ರಾನ್ ಟುರಿಸ್ಮೊ ರೇಸಿಂಗ್ ಸರಣಿಯ ನಿರ್ಮಾಪಕ ಕಜುನೋರಿ ಯಮಾಉಚಿ ಇದರ ಲೆಕ್ಕ ಕೊಟ್ಟಿದ್ದರು: ಶುರುವಿನ ಆಟಗಳಲ್ಲಿ ಒಂದು ಕಾರು ಮಾಡಲು ಒಂದು ದಿನ ಸಾಕಾಗುತ್ತಿತ್ತು, ಪ್ಲೇಸ್ಟೇಷನ್ 2ರ ಕಾಲಕ್ಕೆ ಒಂದು ತಿಂಗಳಾಯಿತು, ಐದನೇ ಆಟಕ್ಕೆ ಬರುವಷ್ಟರಲ್ಲಿ ಒಳ್ಳೆಯ ದರ್ಜೆಯ ಒಂದು ಕಾರಿಗೆ ಒಬ್ಬರಿಗೆ ಸುಮಾರು ಆರು ತಿಂಗಳು. ಅಂಥವು ಇನ್ನೂರರಷ್ಟು. ಉಳಿದ ಎಂಟುನೂರು ಚಿಲ್ಲರೆ ಕಾರುಗಳನ್ನು ಹಳೆಯ ಆಟದಿಂದಲೇ ಎತ್ತಿ ಹಾಕಿದ್ದರು, ಅದಕ್ಕೆ ಬೈಸಿಕೊಂಡರು ಕೂಡ. ಈ ಭಾರ ಹೊರಲು ಸ್ಟುಡಿಯೋಗಳು ಕಾರಿನ ಮಾದರಿ ಮಾಡುವ ಕೆಲಸವನ್ನು ಹೊರಗೆ ಕೊಡುತ್ತವೆ. ಫೋರ್ಜಾ ರೇಸಿಂಗ್ ಸರಣಿಯ ಕಾರುಗಳ ಕೆಲಸ ಮಾಡಿದವರಲ್ಲಿ ನಮ್ಮ ಬೆಂಗಳೂರಿನ ಧ್ರುವ ಇಂಟರ್‌ಆಕ್ಟಿವ್ ಕೂಡ ಒಂದು. 1997ರಲ್ಲಿ ಶುರುವಾದ ಆ ಕಂಪನಿಯನ್ನು 2019ರಲ್ಲಿ ರಾಕ್‌ಸ್ಟಾರ್ ಅನ್ನುವ ದೊಡ್ಡ ಗೇಮ್ ಕಂಪನಿ ಕೊಂಡುಕೊಂಡಿತು. ಕೊಡಗಿನಿಂದ ಹೋಗಿ ಬೆಂಗಳೂರಿನಲ್ಲಿ ಆರ್ಟ್ ಕಲಿತ ಹುಡುಗರಿಗೆ ಇಂಥ ಕಡೆ ಕೆಲಸ ಇದೆ ಅನ್ನುವುದು ನಮ್ಮ ಊರುಗಳಲ್ಲಿ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಅದು ಬೇರೆ ಮಾತು.

ಕಾರು ಮಾಡಿದರೆ ಮುಗಿಯಲಿಲ್ಲ, ಆ ಕಾರಿನ ಕಂಪನಿ ಒಪ್ಪಬೇಕು. ಬಣ್ಣ ಸರಿಯಿದೆಯಾ, ಎಂಜಿನ್ ಸದ್ದು ಸರಿಯಿದೆಯಾ, ಗುದ್ದಿದಾಗ ಎಷ್ಟು ನಜ್ಜುಗುಜ್ಜಾಗಬಹುದು ಅನ್ನುವುದರ ಮೇಲೆಲ್ಲ ಅವರ ಮಾತು ನಡೆಯುತ್ತದೆ. ತಮ್ಮ ಕಾರು ಹೊತ್ತಿ ಉರಿಯುವುದನ್ನು ತೋರಿಸಲು ಯಾವ ಕಂಪನಿಗೂ ಇಷ್ಟವಿಲ್ಲ. ಈ ಲೈಸೆನ್ಸುಗಳಿಗೆ ಅವಧಿಯೂ ಇರುತ್ತದೆ. ಫೋರ್ಜಾ ಹೊರೈಜನ್ 4 ಆಟವನ್ನು 2024ರ ಡಿಸೆಂಬರ್ 15ಕ್ಕೆ ಮಾರಾಟದಿಂದಲೇ ತೆಗೆದರು, ಕಾರಣ ಲೈಸೆನ್ಸುಗಳ ಅವಧಿ ಮುಗಿದದ್ದು. ಹೀಗೆ ಒಂದು ಒಪ್ಪಿಗೆ ಪತ್ರ ಯಾವುದೋ ಆಫೀಸಿನಲ್ಲಿ ಕೂತರೆ ಇಡೀ ತಂಡ ಕಾಯುತ್ತದೆ. ಇದನ್ನು ಯಾವ ಕಂಪನಿಯೂ ಪ್ರಕಟಣೆಯಲ್ಲಿ ಬರೆಯುವುದಿಲ್ಲ, ‘ಇನ್ನಷ್ಟು ಮೆರುಗು ಕೊಡುತ್ತಿದ್ದೇವೆ’ ಅನ್ನುತ್ತದೆ.

ನಿಮ್ಮಂಥ ಸ್ಟೀರಿಂಗ್ ಇರುವವರಿಗೆ ಹತ್ತಿರದ ವಿಷಯ ಟೈರು. ಫೋರ್ಜಾ ಮೋಟಾರ್‌ಸ್ಪೋರ್ಟ್ ಆಟದ ಭೌತಶಾಸ್ತ್ರದ ಲೆಕ್ಕ ಸೆಕೆಂಡಿಗೆ 360 ಸಲ ನಡೆಯುತ್ತದೆ. ಹಿಂದೆ ಒಂದು ಟೈರು ರಸ್ತೆಗೆ ತಾಗುವ ಬಿಂದು ಒಂದೇ ಅಂತ ಹಿಡಿದಿದ್ದರು, 2023ರ ಆವೃತ್ತಿಯಲ್ಲಿ ಎಂಟು ಮಾಡಿದರು. ಆಡುವವನಿಗೆ ಇದು ಬರೀ ‘ಹಿಡಿತ ಚೆನ್ನಾಗಿದೆ’ ಅನ್ನಿಸುತ್ತದೆ. ಒಳಗಡೆ ಮಾತ್ರ ಟೈರಿನ ಲೆಕ್ಕ ಮುಟ್ಟಿದ ತಕ್ಷಣ ಎದುರಾಳಿ ಕಾರುಗಳು ಬ್ರೇಕ್ ಹಿಡಿಯುವ ಜಾಗ ತಪ್ಪುತ್ತದೆ, ಮೊದಲೇ ಕೂಡಿಸಿಟ್ಟ ಲ್ಯಾಪ್ (ಟ್ರ್ಯಾಕಿನ ಒಂದು ಸುತ್ತು) ಟೈಮುಗಳು ಕೆಲಸಕ್ಕೆ ಬಾರದಾಗುತ್ತವೆ, ಸ್ಟೀರಿಂಗಿಗೆ ಹೋಗುವ ಒದೆತ ಬದಲಾಗುತ್ತದೆ. ಜಿ29ನಲ್ಲಿ ನೇರ ರಸ್ತೆಗೆ ಬಂದು ಕೈ ಸಡಿಲಬಿಟ್ಟರೆ ಸ್ಟೀರಿಂಗ್ ತಾನೇ ಎಡಕ್ಕೂ ಬಲಕ್ಕೂ ಬಡಿದುಕೊಳ್ಳಲು ಶುರುಮಾಡುವುದು ಇದರಿಂದಲೇ. ಅದನ್ನು ತಗ್ಗಿಸಿದರೆ ತಿರುವಿನಲ್ಲಿ ಟೈರು ಜಾರುವ ಸುಳಿವು ಕೈಗೆ ಸಿಗುವುದಿಲ್ಲ. ಇವೆರಡರ ನಡುವಿನ ಹದ ಸಿಗಲು ಮಾದರಿಯಿಂದ ಮಾದರಿಗೆ ಬೇರೆ ಬೇರೆ ಸ್ಟೀರಿಂಗ್ ಹಿಡಿದು ಕೂರಬೇಕು. ಬಹಳಷ್ಟು ಜನ ಕಂಟ್ರೋಲರಿನಲ್ಲೇ ಆಡುವುದರಿಂದ ಈ ಕೆಲಸ ಕೊನೆಗೆ ಉಳಿಯುತ್ತದೆ. ಅವಸರಕ್ಕೆ ಬಂದ ಆಟದಲ್ಲಿ ಮೊದಲು ಪೆಟ್ಟು ತಿನ್ನುವವರು ನೀವೇ.

ಇನ್ನು ‘ತಡವಾದಷ್ಟೂ ಚೆನ್ನಾಗಿ ಬರುತ್ತದೆ’ ಅನ್ನುವ ವಾದ. ತಡವಾದ ಆಟ ಕೊನೆಗೆ ಒಳ್ಳೆಯದಾಗುತ್ತದೆ, ಕೆಟ್ಟ ಆಟ ಎಂದೆಂದಿಗೂ ಕೆಟ್ಟದ್ದೇ ಅನ್ನುವ ಅರ್ಥದ ಮಾತನ್ನು ನಿಂಟೆಂಡೊ ಕಂಪನಿಯ ಗೇಮ್ ವಿನ್ಯಾಸಕ ಶಿಗೇರು ಮಿಯಾಮೊಟೊ ಹೆಸರಿಗೆ ಅಂಟಿಸಿ ಎಲ್ಲ ಗ್ರೂಪುಗಳಲ್ಲೂ ಹಂಚುತ್ತಾರೆ. ಅವರು ಹಾಗೆ ಹೇಳಿದ್ದಕ್ಕೆ ದಾಖಲೆ ಸಿಕ್ಕಿಲ್ಲ. ಅದಿರಲಿ, ಮಾತಾದರೂ ನಿಜವಾ? ಡ್ರೈವ್‌ಕ್ಲಬ್ ಅನ್ನುವ ರೇಸಿಂಗ್ ಆಟ ನೋಡಿ. 2013ರ ನವೆಂಬರಿನಲ್ಲಿ ಪ್ಲೇಸ್ಟೇಷನ್ 4 ಜೊತೆಗೇ ಬರಬೇಕಿತ್ತು. ಮುಂದಕ್ಕೆ ಹೋಗಿ ಹೋಗಿ 2014ರ ಅಕ್ಟೋಬರಿನಲ್ಲಿ ಬಂತು. ಸುಮಾರು ಒಂದು ವರ್ಷ ಹೆಚ್ಚು ಸಿಕ್ಕಿತ್ತು. ಬಂದ ದಿನವೇ ಸರ್ವರ್ ಮಲಗಿತು. ಕ್ಲಬ್ ಕಟ್ಟಿಕೊಂಡು ಎಲ್ಲರೂ ಒಟ್ಟಿಗೆ ಓಡಿಸುವುದೇ ಆ ಆಟದ ಜೀವಾಳ, ಅದೇ ನಡೆಯಲಿಲ್ಲ. ಚಂದಾ ಕಟ್ಟುವ ಪ್ಲೇಸ್ಟೇಷನ್ ಪ್ಲಸ್ ಸದಸ್ಯರಿಗೆ ಅದರ ಜೊತೆಗೇ ಕೊಡುತ್ತೇವೆ ಅಂದಿದ್ದ ಉಚಿತ ಆವೃತ್ತಿ ಕೈಗೆ ಬಂದಿದ್ದು 2015ರ ಜೂನಿನಲ್ಲಿ. ಆಮೇಲೆ ಆಟ ಚೆನ್ನಾಗಿಯೇ ಸುಧಾರಿಸಿತು, ಅದರ ಮಳೆಯನ್ನು ಈಗಲೂ ಹೊಗಳುವವರಿದ್ದಾರೆ. ಆದರೆ ಅದನ್ನು ಮಾಡಿದ ಎವಲ್ಯೂಷನ್ ಸ್ಟುಡಿಯೋಸ್ 2016ರಲ್ಲಿ ಮುಚ್ಚಿಹೋಯಿತು.

ಟೆಸ್ಟ್ ಡ್ರೈವ್ ಅನ್‌ಲಿಮಿಟೆಡ್ ಸೋಲಾರ್ ಕ್ರೌನ್ ಇನ್ನೂ ಹತ್ತಿರದ ಉದಾಹರಣೆ. 2020ರಲ್ಲಿ ಪ್ರಕಟಿಸಿದರು, 2022ರ ಸೆಪ್ಟೆಂಬರ್ 22 ಅಂದರು, 2023 ಅಂದರು, 2024ರ ಶುರು ಅಂದರು, ಕೊನೆಗೆ 2024ರ ಸೆಪ್ಟೆಂಬರ್ 12ಕ್ಕೆ ಬಂತು. ನಡುವೆ ಹಳೆಯ ಪ್ಲೇಸ್ಟೇಷನ್ 4 ಮತ್ತು ಎಕ್ಸ್‌ಬಾಕ್ಸ್ ಒನ್ ಆವೃತ್ತಿಗಳನ್ನು ಕೈಬಿಟ್ಟರು. ಇಷ್ಟೆಲ್ಲ ಆದ ಮೇಲೂ ಶುರುವಿನಲ್ಲಿ ಸರ್ವರ್ ತೊಂದರೆ. ಸದಾ ಆನ್‌ಲೈನ್ ಇದ್ದರೆ ಮಾತ್ರ ನಡೆಯುವ ಆಟವಾದ್ದರಿಂದ ಒಬ್ಬನೇ ಓಡಿಸಲು ಹೊರಟವನಿಗೂ ಗೋಳು ತಪ್ಪಲಿಲ್ಲ. ಅದೇ ಗ್ರಾನ್ ಟುರಿಸ್ಮೊ 7 ಅನ್ನು 2021ರಿಂದ 2022ರ ಮಾರ್ಚ್ 4ಕ್ಕೆ ತಳ್ಳಿದ್ದರು. ಆಟವೇನೋ ಗಟ್ಟಿಯಾಗಿತ್ತು, ಆದರೆ ಎರಡೇ ವಾರಕ್ಕೆ ಒಂದು ಅಪ್‌ಡೇಟ್ ಹಾಕಿ ಮೂವತ್ತು ಗಂಟೆಗೂ ಹೆಚ್ಚು ಹೊತ್ತು ಆಟ ನಿಂತುಹೋಯಿತು.

ಇವುಗಳಿಂದ ನಾನು ಕಲಿತದ್ದು ಇಷ್ಟು. ಹೆಚ್ಚಿನ ಸಮಯ ಕಾರು, ಟ್ರ್ಯಾಕು, ಬಗ್‌ಗಳನ್ನು ಸರಿಮಾಡುತ್ತದೆ. ಲಕ್ಷಾಂತರ ಜನ ಒಂದೇ ಸಂಜೆ ಬಾಗಿಲು ತಟ್ಟಿದಾಗ ಸರ್ವರ್ ತಡೆಯುತ್ತದಾ ಅನ್ನುವುದನ್ನು ಆ ಸಂಜೆಯ ತನಕ ಯಾರೂ ಪೂರ್ತಿ ಪರೀಕ್ಷಿಸಲಾರರು. ನಿಮ್ಮ ಆಟ ಸದಾ ಆನ್‌ಲೈನ್ ಬೇಡುವಂಥದ್ದಾದರೆ ಎಷ್ಟೇ ತಡವಾಗಿ ಬಂದರೂ ಮೊದಲ ವಾರವನ್ನು ನಂಬಬೇಡಿ. ನಮ್ಮ ಕಡೆ ಇದಕ್ಕೆ ಇನ್ನೊಂದು ಕಾರಣವೂ ಇದೆ. ಜುಲೈನಲ್ಲಿ ಒಂದು ಮರ ಲೈನಿನ ಮೇಲೆ ಬಿದ್ದರೆ ಕರೆಂಟೂ ಇಲ್ಲ, ನೆಟ್ಟೂ ಇಲ್ಲ. ಇನ್‌ವರ್ಟರಿನಲ್ಲಿ ಕಂಪ್ಯೂಟರ್ ಓಡಿಸಿದರೂ ಆಟ ತೆರೆಯುವುದಿಲ್ಲ. ಆಟದ ಪುಟದಲ್ಲಿ ಇಂಟರ್‌ನೆಟ್ ಸಂಪರ್ಕ ಕಡ್ಡಾಯವೇ ಅನ್ನುವುದನ್ನು ನಾಪೋಕ್ಲುವಿನಲ್ಲಿ ಕೂತು ಆಡುವವರು ಗ್ರಾಫಿಕ್ಸ್‌ಗಿಂತ ಮೊದಲು ನೋಡಬೇಕು.

ಮೂರನೇ ಗೆಳೆಯನ ‘ಬರುವುದೇ ಇಲ್ಲ’ಕ್ಕೆ ಉತ್ತರ ಚಿಕ್ಕದು. ಗ್ರಾನ್ ಟುರಿಸ್ಮೊ 5 ಅನ್ನು ಎಲ್ಲರೂ ಗೇಲಿ ಮಾಡುವಷ್ಟು ವರ್ಷ ಎಳೆದರು. 2010ರ ನವೆಂಬರ್ 2ಕ್ಕೆ ಅಂತ ಹೇಳಿ, ಇನ್ನು ಕೆಲವೇ ವಾರ ಅನ್ನುವಾಗ ಮತ್ತೆ ಮುಂದೂಡಿ, ಅದೇ ತಿಂಗಳ 24ಕ್ಕೆ ತಂದರು. ಒಂದು ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಯಿತು. ರೆಕ್‌ಫೆಸ್ಟ್ ಅನ್ನುವ ಇನ್ನೊಂದು ರೇಸಿಂಗ್ ಆಟ 2014ರ ಜನವರಿಯಲ್ಲಿ ಅರೆಬೆಂದ ರೂಪದಲ್ಲೇ ಮಾರಾಟಕ್ಕೆ ಬಂದು, ಪೂರ್ತಿ ಆದದ್ದು 2018ರ ಜೂನಿನಲ್ಲಿ. ಇವತ್ತಿಗೂ ಅದನ್ನು ಆಡುವವರಿದ್ದಾರೆ.

ಹಾಗಾದರೆ ನಿಮ್ಮ ಆಟ ಯಾವ ಗುಂಪಿಗೆ ಸೇರುತ್ತದೆ ಅಂತ ಹೊರಗಿನಿಂದ ತಿಳಿಯುವುದು ಹೇಗೆ? ನಾನು ನೋಡುವುದು ಮುಂದೂಡಿದ ಅವಧಿಯನ್ನಲ್ಲ, ಮುಂದೂಡುವಾಗ ಏನು ತೋರಿಸಿದರು ಅನ್ನುವುದನ್ನು. ಕಡಿತವಿಲ್ಲದ ಒಂದು ಪೂರ್ತಿ ಲ್ಯಾಪ್, ಸ್ಟೀರಿಂಗ್ ಹಿಡಿದು ಓಡಿಸಿದ ವಿಡಿಯೋ, ಮಳೆಯಲ್ಲಿ ಹತ್ತಾರು ಕಾರು ಒಟ್ಟಿಗೆ ಓಡುವ ದೃಶ್ಯ ಹೊರಗೆ ಬಂದಿದ್ದರೆ ಕೆಲಸ ನಡೆಯುತ್ತಿದೆ ಅಂತ ಅರ್ಥ. ಕಾರುಗಳ ಸುಂದರ ಫೋಟೋ ಮಾತ್ರ ಬರುತ್ತಿದ್ದರೆ ಅನುಮಾನ ಪಡಿ. ನಿಮ್ಮ ವಿಷಯದಲ್ಲಿ ‘ಮುಂದಿನ ವರ್ಷ’ ಅಂತ ತಿಂಗಳಿಲ್ಲದೆ ಹೇಳಿದ್ದಕ್ಕೆ ನಿಮಗೆ ಹೆಚ್ಚು ಸಿಟ್ಟು ಬಂದಿದೆ. ನನಗೆ ಅದೇ ಸ್ವಲ್ಪ ಸಮಾಧಾನದ ಸಂಗತಿ. ಎರಡು ಸಲ ಮಾತು ತಪ್ಪಿದವರು ಮೂರನೇ ದಿನಾಂಕ ಕೊಟ್ಟಿದ್ದರೆ ಅದು ಇನ್ನೊಂದು ಊಹೆ ಆಗುತ್ತಿತ್ತು, ಅಷ್ಟೇ.

ಗ್ರೂಪಿನಲ್ಲಿ ಆಟ ಮಾಡುವವರ ಹೆಸರು ಹುಡುಕಿ ಬೈಯುವುದು ನಡೆಯುತ್ತಿದ್ದರೆ ಅದನ್ನು ನಿಲ್ಲಿಸಿ. ರ‍್ಯಾಲಿ ನೋಡಿದವರಿಗೆ ಗೊತ್ತು, ಸ್ಟೇಜಿನ (ಗಡಿಯಾರ ಹಿಡಿದು ಓಡಿಸುವ ದಾರಿಯ ತುಂಡಿನ) ಒಳಗೆ ಆಂಬುಲೆನ್ಸ್ ತನ್ನ ಜಾಗಕ್ಕೆ ಬರದೆ ಮೊದಲ ಕಾರನ್ನು ಬಿಡುವುದಿಲ್ಲ, ಬಾವುಟ ಹಿಡಿದು ನಿಂತವನನ್ನು ಬೈದು ಪ್ರಯೋಜನವಿಲ್ಲ. ರಿಲೀಸ್ ಮುಂದಕ್ಕೆ ಹೋದರೆ ಟೆಸ್ಟರಿಗೆ ಸಿಗುವುದು ರಜೆಯಲ್ಲ, ಇನ್ನಷ್ಟು ತಿಂಗಳು ರಾತ್ರಿ ಪಾಳಿ. ದಿನಾಂಕ ಘೋಷಿಸಿ ಪ್ರೀ-ಆರ್ಡರ್ ತೆರೆದವರು ಬೇರೆ ಮಹಡಿಯಲ್ಲಿ ಕೂತಿರುತ್ತಾರೆ. ಅವರಿಗೆ ಮುಟ್ಟುವ ಭಾಷೆ ರೀಫಂಡ್.

ಅಲ್ಲಿಗೆ ನಿಮ್ಮ ಮುಖ್ಯ ಪ್ರಶ್ನೆಗೆ ಬಂದೆ. ನನ್ನ ಅಭಿಪ್ರಾಯ ಕೇಳಿದರೆ, ರೀಫಂಡ್ ತಗೊಳ್ಳಿ. ಡೌನ್‌ಲೋಡ್ ಆಗುವ ವಸ್ತು ಖಾಲಿಯಾಗುವುದಿಲ್ಲ. ಮುಂಗಡ ಕಾಯ್ದಿರಿಸಿದವನಿಗೂ ಬಿಡುಗಡೆಯ ಸಂಜೆ ಕೊಂಡವನಿಗೂ ಸಿಗುವುದು ಅದೇ ಫೈಲು. ಸ್ಟೀಮ್‌ನಲ್ಲಿ ಪ್ರೀ-ಆರ್ಡರ್ ಮಾಡಿದ ಆಟವನ್ನು ಬಿಡುಗಡೆಗೆ ಮೊದಲು ಯಾವಾಗ ಬೇಕಾದರೂ ವಾಪಸ್ ಮಾಡಬಹುದು. ಬಿಡುಗಡೆಯಾದ ಮೇಲೆ 14 ದಿನದೊಳಗೆ, ಆಡಿದ್ದು ಎರಡು ಗಂಟೆಗಿಂತ ಕಮ್ಮಿಯಿದ್ದರೆ ಆಗಲೂ ದುಡ್ಡು ಬರುತ್ತದೆ. ಅಂದರೆ ಕಾದರೂ ನಿಮ್ಮ ಹಕ್ಕು ಹೋಗುವುದಿಲ್ಲ. ಆದರೂ ವರ್ಷಗಟ್ಟಲೆ ದುಡ್ಡು ಅವರ ಹತ್ತಿರ ಕೂರುವುದಕ್ಕೆ ಕಾರಣ ನನಗೆ ಕಾಣುವುದಿಲ್ಲ.

ಇದರಲ್ಲಿ ನಷ್ಟವೂ ಉಂಟು. ಪ್ರೀ-ಆರ್ಡರ್ ಮಾಡಿದವರಿಗೆ ಅಂತ ಕೊಡುವ ಒಂದೆರಡು ಕಾರು ಕೈತಪ್ಪಬಹುದು. ಬಿಡುಗಡೆ ಹೊತ್ತಿಗೆ ಭಾರತದ ಬೆಲೆ ಏರಿದ್ದರೆ ಆ ವ್ಯತ್ಯಾಸ ನಿಮ್ಮ ಮೇಲೆ ಬೀಳುತ್ತದೆ. ನೀವು ದುಡ್ಡು ಕಟ್ಟಿದ ದಾರಿಯಲ್ಲೇ ವಾಪಸ್ ಕಳಿಸಲು ಆಗದಿದ್ದರೆ ಅದು ಸ್ಟೀಮ್ ವಾಲೆಟ್‌ಗೆ ಬರುತ್ತದೆ, ಬ್ಯಾಂಕಿಗಲ್ಲ. ಗಿಫ್ಟ್ ಕಾರ್ಡ್ ಕೋಡ್ ಹಾಕಿ ವಾಲೆಟ್ಟಿನಿಂದ ಕೊಂಡಿದ್ದರಂತೂ ವಾಲೆಟ್ಟಿಗೇ. ಆಗ ಅದರಲ್ಲಿ ಬೇರೆ ಆಟ ಕೊಳ್ಳಬಹುದು, ಅಪ್ಪನಿಗೆ ತೋರಿಸಲು ನಗದು ಸಿಗುವುದಿಲ್ಲ. ರೀಫಂಡ್ ತಡವಾಯಿತೆಂದು ಅವಸರಕ್ಕೆ ಬ್ಯಾಂಕಿಗೆ ಹೋಗಿ ಚಾರ್ಜ್‌ಬ್ಯಾಕ್ (ಪಾವತಿಯನ್ನು ಬ್ಯಾಂಕಿನ ಮೂಲಕವೇ ವಾಪಸ್ ಎಳೆಯುವ ಅರ್ಜಿ) ಹಾಕಬೇಡಿ. ಖಾತೆಗೇ ಬೀಗ ಬೀಳುವ ಅಪಾಯವಿದೆ. ಅದರಲ್ಲಿರುವ ಉಳಿದ ಆಟಗಳೂ ಸಿಗದಂತಾದರೆ ತಲೆನೋವು ದೊಡ್ಡದು.

ಕಾಯುವುದೇ ಅಂತ ತೀರ್ಮಾನಿಸಿದರೆ ಡೀಲಕ್ಸ್ ಎಡಿಷನ್ನಿನ ಒಂದು ಮರ್ಮ ತಿಳಿದಿರಲಿ. ಇಂಥ ಎಡಿಷನ್ನುಗಳಲ್ಲಿ ನಾಲ್ಕೈದು ದಿನ ಮೊದಲೇ ಆಡಲು ಬಿಡುತ್ತಾರೆ. ಫೋರ್ಜಾ ಹೊರೈಜನ್ 5ರಲ್ಲಿ ಹೆಚ್ಚು ದುಡ್ಡು ಕೊಟ್ಟವರು 2021ರ ನವೆಂಬರ್ 5ಕ್ಕೆ, ಉಳಿದವರು 9ಕ್ಕೆ ಶುರುಮಾಡಿದ್ದರು. 2024ರಿಂದ ಸ್ಟೀಮ್‌ನಲ್ಲಿ ಹೀಗೆ ಮೊದಲೇ ಆಡಿದ ಹೊತ್ತೂ ಆ ಎರಡು ಗಂಟೆಯ ಲೆಕ್ಕಕ್ಕೆ ಸೇರುತ್ತದೆ. ಮೊದಲ ಸಂಜೆಯೇ ನಾಲ್ಕು ಜನ ಸೇರಿ ರಾತ್ರಿ ಹನ್ನೆರಡರ ತನಕ ಓಡಿಸಿದರೆ, ಮಾರನೇ ದಿನ ಸ್ಟೀರಿಂಗ್ ಸರಿಯಾಗಿ ಕೆಲಸ ಮಾಡುವುದಿಲ್ಲ ಅಂತ ಗೊತ್ತಾದರೂ ದುಡ್ಡು ಕೇಳುವ ದಾರಿ ಕಷ್ಟವಾಗುತ್ತದೆ.

ನಿಮ್ಮ ಕುಶಾಲನಗರದ ಗೆಳೆಯನ ಸ್ಥಿತಿ ಬೇರೆ. ಪ್ಲೇಸ್ಟೇಷನ್ ಸ್ಟೋರಿನಲ್ಲಿ ಕೊಂಡಿದ್ದರೆ ಸುಲಭವಿತ್ತು, ಬಿಡುಗಡೆಗೆ 14 ದಿನಕ್ಕಿಂತ ಮೊದಲೇ ಮಾಡಿದ ಪ್ರೀ-ಆರ್ಡರನ್ನು ಬಿಡುಗಡೆ ದಿನದ ತನಕ ರದ್ದು ಮಾಡಲು ಅಲ್ಲಿ ಅವಕಾಶವಿದೆ. ಅಂಗಡಿಯ ಅಡ್ವಾನ್ಸ್ ಅಂಗಡಿಯವನ ಜೊತೆಗಿನ ವ್ಯವಹಾರ. ಮೊದಲು ಮಾತಾಡಲಿ, ಅದೇ ದುಡ್ಡಿಗೆ ಬೇರೆ ಡಿಸ್ಕ್ ಕೊಡುತ್ತಾರಾ ಕೇಳಲಿ. ನಮ್ಮ ಊರಿನ ಅಂಗಡಿಗಳಲ್ಲಿ ಮುಕ್ಕಾಲುಪಾಲು ಇಲ್ಲೇ ಬಗೆಹರಿಯುತ್ತದೆ. ಒಪ್ಪದಿದ್ದರೆ ವಾಟ್ಸಾಪಿನಲ್ಲಾದರೂ ಸರಿ, ಬರಹದಲ್ಲಿ ದುಡ್ಡು ವಾಪಸ್ ಕೇಳಲಿ. ಕೊಟ್ಟ ದಿನ, ಮೊತ್ತ, ಆಗ ಹೇಳಿದ ಬಿಡುಗಡೆ ತಿಂಗಳು ಅದರಲ್ಲಿರಲಿ. ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಅಂಗಡಿ ಮೈಸೂರಿನಲ್ಲಿದ್ದರೂ ದೂರುದಾರ ತಾನು ವಾಸಿಸುವ ಜಿಲ್ಲೆಯಲ್ಲೇ, ಅಂದರೆ ಕೊಡಗಿನಲ್ಲೇ ದೂರು ಹಾಕಬಹುದು. ಎರಡು ವರ್ಷದೊಳಗೆ ಹಾಕಬೇಕು, ಐದು ಲಕ್ಷದೊಳಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ಒಂದು ಡಿಸ್ಕಿನ ಅಡ್ವಾನ್ಸಿಗೆ ಮಡಿಕೇರಿಗೆ ಓಡಾಡುವುದು ಲಾಭವಾ ಅಂದರೆ ನನಗೂ ಅನುಮಾನವೇ. ಆದರೆ ಆ ದಾರಿ ಇದೆ ಅಂತ ತಿಳಿದವನ ಜೊತೆ ಅಂಗಡಿಯವರು ಬೇರೆ ಧಾಟಿಯಲ್ಲಿ ಮಾತಾಡುತ್ತಾರೆ. ರಸೀದಿಯೇ ಇಲ್ಲ ಅಂದರೆ ಯುಪಿಐ ಪಾವತಿಯ ದಾಖಲೆ ಸಾಕಷ್ಟು ಕೆಲಸ ಮಾಡುತ್ತದೆ.

ಟೆಲಿಗ್ರಾಂನವನನ್ನು ಈಗಲೇ ಬ್ಲಾಕ್ ಮಾಡಿ. ರೇಸಿಂಗ್ ಆಟದ ಒಳಗಿನ ಬಿಲ್ಡ್ ಹೊರಗೆ ಬರುವುದು ತೀರಾ ಅಪರೂಪ. ಬಂದರೂ ಅದು ಸ್ಟುಡಿಯೋದ ಸರ್ವರನ್ನೇ ಹುಡುಕುತ್ತಾ ಮೊದಲ ಪರದೆಯಲ್ಲೇ ನಿಲ್ಲಬಹುದು. ಅವನು ಕಳಿಸುವುದು ಪಾಸ್‌ವರ್ಡ್ ಕದಿಯುವ ಸಾಫ್ಟ್‌ವೇರ್ ಆಗಿರುವ ಸಾಧ್ಯತೆಯೇ ಹೆಚ್ಚು. ‘ಆಂಟಿವೈರಸ್ ಆಫ್ ಮಾಡಿ ಇನ್‌ಸ್ಟಾಲ್ ಮಾಡಿ’ ಅಂದರಂತೂ ಬೇರೆ ಸಾಕ್ಷಿ ಬೇಡ. ಅದೇ ಕಂಪ್ಯೂಟರಿನಲ್ಲಿ ತೋಟದ ಲೆಕ್ಕ, ಬ್ಯಾಂಕಿನ ವ್ಯವಹಾರ ನಡೆಯುತ್ತಿದ್ದರೆ ಯೋಚಿಸಿ. ದುಡ್ಡು ತಗೊಂಡು ‘ಬೀಟಾ ಕೀ’ (ಬಿಡುಗಡೆಗೆ ಮುಂಚಿನ ಪ್ರಾಯೋಗಿಕ ಆವೃತ್ತಿ ತೆರೆಯುವ ಕೋಡ್) ಮಾರುವವರೂ ಇದೇ ಜಾತಿಯವರು. ನಿಜವಾದ ಬೀಟಾಗೆ ಕಂಪನಿಯೇ ಹೆಸರು ನೋಂದಾಯಿಸಿಕೊಳ್ಳುತ್ತದೆ.

ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಕಳವಳ ತಂದದ್ದು ನೀವು ಪ್ರಶ್ನೆಯಾಗಿ ಕೇಳದ ಸಂಗತಿ: ಸ್ಟೀರಿಂಗ್ ಇನ್ನೂ ಡಬ್ಬದಲ್ಲಿದೆ. ವಾರಂಟಿ ಕೊಂಡ ದಿನದಿಂದ ಓಡುತ್ತದೆ, ಆಟ ಬಂದ ದಿನದಿಂದಲ್ಲ. ಮೋಟಾರಿನಲ್ಲಿ ದೋಷವಿದ್ದರೆ ಅದು ನಿಮಗೆ ಗೊತ್ತಾಗುವುದು ಮುಂದಿನ ವರ್ಷ, ಅಷ್ಟರಲ್ಲಿ ವಾರಂಟಿಯ ದೊಡ್ಡ ಪಾಲು ಕಳೆದಿರುತ್ತದೆ. ಜೊತೆಗೆ ನಾಪೋಕ್ಲುವಿನ ಮಳೆಗಾಲ. ಜಿ29ರ ಹಿಡಿಗೆ ಹೊದಿಸಿರುವುದು ನಿಜವಾದ ಚರ್ಮ. ನಮ್ಮ ಮನೆಗಳಲ್ಲಿ ಶೂ, ಬೆಲ್ಟಿಗೆ ಏನಾಗುತ್ತದೋ ಅದಕ್ಕೂ ಅದೇ ಆಗುತ್ತದೆ, ಆಗಸ್ಟ್ ಹೊತ್ತಿಗೆ ಬೂಷ್ಟು ಹಿಡಿದಿರುತ್ತದೆ. ಪೆಡಲಿನ ಒಳಗೆ ಅದನ್ನು ಎಷ್ಟು ಒತ್ತಿದಿರಿ ಅಂತ ಅಳೆಯುವ, ತಿರುಗುವ ಪೊಟೆನ್ಷಿಯೋಮೀಟರುಗಳಿವೆ. ಕೊಳೆಯೋ ತೇವವೋ ಸೇರಿದರೆ ಕಾಲು ಇಡದೆಯೂ ಬ್ರೇಕ್ ಒತ್ತಿದಂತೆ ಪರದೆಯ ಮೇಲೆ ಅಂಕಿ ಕುಣಿಯುತ್ತದೆ. ಡಬ್ಬದಿಂದ ತೆಗೆಯಿರಿ, ಮೇಜಿಗೆ ಬಿಗಿಯಿರಿ, ಆಡದ ದಿನ ಒಣ ಬಟ್ಟೆ ಹೊದಿಸಿ, ಡಬ್ಬದಲ್ಲೇ ಇಡಬೇಕಾದರೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಬಿಲ್ಲಿನ ಫೋಟೋ ತೆಗೆದಿಡಿ.

ಪರೀಕ್ಷಿಸಲು ದುಡ್ಡು ಬೇಕಿಲ್ಲ. ಸ್ಟೀಮ್‌ನಲ್ಲಿ ರೇಸ್‌ರೂಮ್ ರೇಸಿಂಗ್ ಎಕ್ಸ್‌ಪೀರಿಯನ್ಸ್ ಅನ್ನುವ ಆಟವನ್ನು ಪುಕ್ಕಟೆಯಾಗಿ ಶುರುಮಾಡಬಹುದು, ಅದರಲ್ಲಿ ಜಿ29 ನಡೆಯುತ್ತದೆ. ರೀಫಂಡ್ ವಾಲೆಟ್ಟಿಗೆ ಬಂದರೆ 2014ರ ಅಸೆಟ್ಟೊ ಕೊರ್ಸಾ ಅಥವಾ 2019ರ ಡರ್ಟ್ ರ‍್ಯಾಲಿ 2.0 ನೋಡಿ. ಎರಡೂ ಹಳೆಯವು, ಸಾಧಾರಣ ಕಂಪ್ಯೂಟರಿನಲ್ಲೂ ಓಡುತ್ತವೆ, ಸೇಲ್ ಬಂದಾಗ ಅಗ್ಗ. ನನಗೆ ಎರಡನೆಯದು ಹೆಚ್ಚು ಇಷ್ಟ. ಕಲ್ಲುಮಣ್ಣಿನ ಇಕ್ಕಟ್ಟಾದ ದಾರಿಯಲ್ಲಿ ಪಕ್ಕದಲ್ಲಿ ಕೂತವನು ತಿರುವು ಓದಿ ಹೇಳುವುದನ್ನು ಕೇಳುತ್ತಾ ಓಡಿಸುವುದು ಕೊಡಗಿನ ಹುಡುಗರಿಗೆ ಬೇಗ ಹಿಡಿಸುತ್ತದೆ. ಕಾಯುತ್ತಿರುವ ಆಟಕ್ಕೆಂದು ಗ್ರಾಫಿಕ್ಸ್ ಕಾರ್ಡ್ ಕೊಳ್ಳುವ ಯೋಚನೆಯಿದ್ದರೆ ತಡೆಯಿರಿ. ಮುಂದಕ್ಕೆ ಹೋದ ಆಟ ಕೇಳುವ ಕಂಪ್ಯೂಟರ್ ಕೂಡ ಬಿಡುಗಡೆ ಹೊತ್ತಿಗೆ ಬದಲಾಗಿರುವುದು ಸಾಮಾನ್ಯ.

ಕೊನೆಗೆ ಡೌನ್‌ಲೋಡ್ ವಿಷಯ. ಇಂಥ ಆಟ ನೂರು ಜಿಬಿ ದಾಟುವುದು ಈಗ ಮಾಮೂಲಿ, ಮೇಲೆ ಮೊದಲ ದಿನದ ಪ್ಯಾಚ್ (ದೋಷ ಸರಿಪಡಿಸುವ ಅಪ್‌ಡೇಟ್) ಬೇರೆ. ನಾಲ್ಕು ಮನೆಯಲ್ಲಿ ನಾಲ್ಕು ಸಲ ಇಳಿಸುವ ಬದಲು ನೆಟ್ ಗಟ್ಟಿಯಿರುವ ಒಬ್ಬನ ಮನೆಯಲ್ಲಿ ಇಳಿಸಿ, ಸ್ಟೀಮ್‌ನ ಬ್ಯಾಕಪ್ ಸೌಲಭ್ಯದಿಂದ ಹೊರಗಿನ ಹಾರ್ಡ್‌ಡಿಸ್ಕಿಗೆ ಹಾಕಿಕೊಳ್ಳಿ. ಪ್ರತಿಯೊಬ್ಬರೂ ತಮ್ಮ ಖಾತೆಯಲ್ಲಿ ಆಟ ಕೊಂಡಿದ್ದರೆ ಅದರಿಂದ ಇನ್‌ಸ್ಟಾಲ್ ಮಾಡಿ ಉಳಿದ ಚೂರನ್ನಷ್ಟೇ ಇಳಿಸಿದರೆ ಆಯಿತು. ರೀಫಂಡ್ ಕೇಳಲು ಸ್ಟೀಮ್‌ನ ಸಹಾಯ ವಿಭಾಗದಲ್ಲಿ ಇತ್ತೀಚಿನ ಖರೀದಿಗಳ ಪಟ್ಟಿ ತೆರೆಯಿರಿ. ಹಳೆಯ ಖರೀದಿ ಅಲ್ಲಿ ಕಾಣದಿದ್ದರೆ ಖರೀದಿ ಇತಿಹಾಸದಲ್ಲಿ ಹುಡುಕಿ ಅಲ್ಲಿಂದಲೇ ಕೇಳಬಹುದು. ಕಾರಣ ಬರೆಯುವ ಜಾಗದಲ್ಲಿ ‘ಬಿಡುಗಡೆ ಮುಂದೂಡಲಾಗಿದೆ’ ಅಂದರೆ ಸಾಕು.